ರಾಕ್ಷಸನಿಗೆ ಹೆಣ್ಣು ನೋಡಿದ್ದು

ಇಪ್ಪತ್ತು ಮುಖದ ದಾಳವನ್ನು ಪ್ಯಾಂಟಿನ ಜೇಬಿನಲ್ಲಿ ಮರೆತು ಒಗೆಯಲು ಹಾಕಬಾರದು. ಒಗೆಯುವವರು ತಾಯಿಯಾಗಿದ್ದರಂತೂ ಖಂಡಿತ ಹಾಕಬಾರದು. 2014ರ ಒಂದು ಶನಿವಾರ, ಶಿರಿಯದ ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಉಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದರು.

“ಫಸಲ್, ಇದೆಂತ? ಜೂಜಾ?”

ಜೂಜಲ್ಲ, ಭಾನುವಾರ ಗೆಳೆಯರೊಂದಿಗೆ ಕೋಣೆಯ ಬಾಗಿಲು ಹಾಕಿಕೊಂಡು ಆಡುವ ಕಥೆಯ ಆಟ ಎಂದೆ. ಶಾರ್ಜಾದಲ್ಲಿ ರೂಮಿನವರಿಂದ ಕಲಿತದ್ದು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗೆ ವೀರರಾಗುತ್ತಾರೆ, ಅಂದುಕೊಂಡದ್ದು ಆಗುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. (ಗಲ್ಫ್ ಬಿಟ್ಟು ಬಂದು ಕೆಲಸವಿಲ್ಲದೆ ಕೂತವನಿಗೆ ವಾರದಲ್ಲಿ ಆ ಒಂದು ಭಾನುವಾರವೇ ಜೀವ. ಅದನ್ನು ಮಾತ್ರ ಹೇಳಲಿಲ್ಲ.)

“ನಾಳೆ ನಾನೂ ಕೂರ್ತೇನೆ. ಸರಿ ಕಾಣದಿದ್ರೆ ಎಲ್ಲ ಹೊಳೆಗೆ.”

ಭಾನುವಾರ ಕುಂಜತ್ತೂರಿನಿಂದ ಬಂದ ಪ್ರವೀತ್ ಖಡ್ಗವೀರನಾದ, ಪಕ್ಕದ ಮನೆಯ ಅದ್ರಾಮ ಮಂತ್ರವಾದಿಯಾದ. ಕಥೆಗಾರ ಎಂದಿನಂತೆ ನಾನೇ.

“ಉಮ್ಮ, ನೀವು ಯಾರಾಗ್ತೀರಿ?” ಎಂದ ಪ್ರವೀತ್.

“ನಾನು ಆಸ್ಯಮ್ಮ. ಸಾಲದಾ?”

ಮೂರು ತಿಂಗಳು ತಲೆ ಕೆರೆದು ನಾನು ಕಟ್ಟಿದ್ದ ರಾಕ್ಷಸ ಗುಹೆಯಿಂದ ಹೊರಬಂದ. ಹನ್ನೆರಡು ಅಡಿ ಎತ್ತರ, ಉರಿಯುವ ಮೀಸೆ. ಪ್ರವೀತ್ ಕತ್ತಿ ಹಿರಿದ.

“ಇರು ಮಾರಾಯ. ಅವನ ಮನೆಗೆ ಬಂದದ್ದು ನಾವು. ಹೇಳದೆ ಕೇಳದೆ ಬಂದು ಕತ್ತಿ ತೋರಿಸ್ಲಿಕ್ಕೆ ಉಂಟಾ?” ಎಂದ ಉಮ್ಮ ರಾಕ್ಷಸನಾಗಿದ್ದ ನನ್ನ ಕಡೆ ತಿರುಗಿದರು. “ಊಟ ಆಯ್ತಾ ಮಗಾ?”

ನನ್ನ ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

“ಮನುಷ್ಯರನ್ನು ತಿನ್ನುವವ ನಾನು!” ಎಂದು ಘರ್ಜಿಸಿದೆ.

“ಅದು ಬಿಡು. ಬೇಯಿಸಿ ಹಾಕುವವರು ಯಾರೂ ಇಲ್ವಾ?”

ರಾಕ್ಷಸ ಮೆತ್ತಗಾಗುತ್ತಾನೋ ಎಂದು ದಾಳ ಉರುಳಿಸಿದರೆ ಇಪ್ಪತ್ತು ಬಿತ್ತು. ಇಪ್ಪತ್ತು ಬಿದ್ದರೆ ಕಥೆಗಾರನಾದರೂ ತಲೆಬಾಗಲೇಬೇಕು.

“ಯಾರೂ ಇಲ್ಲ” ಎಂದೆ.

“ಪ್ರಾಯ ಎಷ್ಟು?”

“ನಾನ್ನೂರು.”

“ಗುಹೆ ಸ್ವಂತದ್ದಾ? ಹಾಗಾದ್ರೆ ಪ್ರಾಯ ಏನೂ ಹೆಚ್ಚಾಗ್ಲಿಲ್ಲ.”

ಸಂಜೆಯೊಳಗೆ ಆಚೆ ಬೆಟ್ಟದಲ್ಲಿ, ನಾನು ಮುಂದಿನ ಯುದ್ಧಕ್ಕೆಂದು ಕಾದಿಟ್ಟಿದ್ದ ರಾಕ್ಷಸಿಯ ವಿಳಾಸ ಪತ್ತೆಯಾಯಿತು. ಖಡ್ಗವೀರ ಕತ್ತಿ ಒರೆಗೆ ಸೇರಿಸಿ ಮದುವೆ ದಲ್ಲಾಳಿಯಾದ. ಆಟ ಮುಗಿದಾಗ ಉಮ್ಮ ದಾಳಗಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಎದ್ದರು. ಎಲ್ಲ ಹೊಳೆಗೇ ಎಂದುಕೊಂಡೆವು. ಹೊಳೆಯ ಕಡೆಗಲ್ಲ, ತಮ್ಮ ಕೋಣೆಯ ಕಪಾಟಿನ ಕಡೆಗೆ ನಡೆದರು.

“ನಿನ್ನ ಕೈಯಲ್ಲಿದ್ರೆ ಕಳೆದುಹೋಗ್ತದೆ” ಎಂದರು.

ಆ ಕ್ಷಣಕ್ಕೆ ನಾನು ಇಂದಿಗೂ ಕೃತಜ್ಞ. ಆಟ ಉಳಿಯಿತು, ನನ್ನ ಭಾನುವಾರವೂ ಉಳಿಯಿತು. ಕೆಲಸ ಸಿಕ್ಕಿತಾ ಎಂದು ಯಾರೂ ಕೇಳದ ಜಾಗವೊಂದು ನನ್ನ ಮನೆಯೊಳಗೇ ಇತ್ತೆಂದರೆ ಅದು ಉಮ್ಮನ ದಯೆ. ಕೈತಪ್ಪಿದ್ದು ಕಥೆಗಾರನ ಕುರ್ಚಿ ಮಾತ್ರ.

ಮರುವಾರ ಅದರಲ್ಲಿ ಉಮ್ಮ ಕೂತಿದ್ದರು. ರಾಕ್ಷಸನಾಗಿ ಆಡಿದವನೇ ಮದುಮಗ ಎಂದು ನನ್ನನ್ನು ಚಾಪೆಯಲ್ಲಿ ಕೂರಿಸಿದರು. ರಾಕ್ಷಸಿಯ ಪಾತ್ರಕ್ಕೆ ಅಡುಗೆಮನೆಯಿಂದ ನನ್ನ ಹೆಂಡತಿ ರಾಹಿಲಾಳನ್ನು ಕರೆದರು. ಎರಡು ವರ್ಷ ಈ ಆಟಕ್ಕೆ ಚಾ ಮಾಡಿಕೊಟ್ಟವಳನ್ನು ಆಟಕ್ಕೆ ಕರೆಯಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಬೇಡ” ಎಂದಳು. “ಮನುಷ್ಯರನ್ನು ತಿಂದ್ರೆ ತಿನ್ಲಿ. ಆದ್ರೆ ತಿಂದ ತಟ್ಟೆ ತೊಳೆಯುವ ಲಕ್ಷಣ ಇವನಲ್ಲಿ ಕಾಣುದಿಲ್ಲ.”

ದಾಳ ಉರುಳಿಸಿ ಅವಳ ಮನಸ್ಸು ಬದಲಿಸಬಹುದೇ ಎಂದು ಕೇಳಿದೆ.

“ಇದಕ್ಕೆ ದಾಳ ಎಂತಕ್ಕೆ?” ಎಂದರು ಉಮ್ಮ. “ಹುಡುಗಿ ಹೇಳಿದ್ದು ಸತ್ಯವೇ ಅಲ್ವಾ? ಹೋಗು, ಚಾ ಕುಡಿದ ಗ್ಲಾಸುಗಳು ಅಲ್ಲೇ ಉಂಟು.”