ಕೊಳ್ಳದವರ ಕಣ್ಣು

ಸ್ವಂತ ಮನೆಯಲ್ಲಿ ಒಂದು ಕೋಣೆ ಉಳಿಸಿಕೊಳ್ಳಲು ಗಂಡಸಾದವನು ಎಷ್ಟು ಪಾಡು ಪಡಬೇಕು ಎಂಬುದನ್ನು ನನ್ನನ್ನು ಕೇಳಿ. ಚನ್ನಪಟ್ಟಣದ ಹಳೇ ಹೈವೇಗೆ ಮುಖ ಮಾಡಿರುವ ನಮ್ಮ ಮನೆಯ ಮುಂದಿನ ಕೋಣೆ ನನ್ನ ಕಲಾಶಾಲೆ. ಅದರ ಮೇಲೆ ನನ್ನ ಧರ್ಮಪತ್ನಿ ಲತಾಮಣಿ ಕಣ್ಣಿಟ್ಟು ಎರಡು ವರ್ಷವಾಯಿತು. ಅವಳು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ, ಅದೂ ಅಡುಗೆಮನೆಯಲ್ಲಿ ಕೂತು. ಕುಚ್ಚು ಚೆನ್ನಾಗಿದೆ, ಸೀರೆ ಮಾತ್ರ ಒಗ್ಗರಣೆ ವಾಸನೆ ಹೊಡೆಯುತ್ತದೆ ಎಂದು ಗಿರಾಕಿಗಳು ಮೂಗು ಮುರಿಯುತ್ತಾರಂತೆ. ಆದ್ದರಿಂದ ಮುಂದಿನ ಕೋಣೆ ಅವಳಿಗೆ ಬೇಕು.

ನಾನು ಮೊದಲು ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಸ್ವತಂತ್ರ ಕಲಾವಿದನಾದೆ. (ಕೆಲಸ ಹೋದವನು ಮನೆಯಲ್ಲೇ ಬಣ್ಣ ಕಲೆಸುತ್ತಾ ಕೂತರೆ ಹಾಗೆ ಕರೆಯುವುದು ವಾಡಿಕೆ.) ರಾಮನಗರದ ಬೆಟ್ಟದ ಬಂಡೆಗಳೇ ನನ್ನ ವಸ್ತು. ಬಂಡೆಯ ಮೌನವನ್ನು ನಾನು ಒಂದೊಂದು ಕ್ಯಾನ್ವಾಸಿನ ಮೇಲೂ ಹಿಡಿದಿಟ್ಟಿದ್ದೇನೆ. ನಮ್ಮವ್ವ ದೊಡ್ಡಲಕ್ಷ್ಮಮ್ಮನಿಗೆ ಮಾತ್ರ ಅವು ಇವತ್ತಿಗೂ ರಾಗಿಮುದ್ದೆಗಳು.

ಹೋದ ಬೇಸಿಗೆಯಲ್ಲಿ ಲತಾಮಣಿ ರಾಜಾಜ್ಞೆ ಹೊರಡಿಸಿದಳು. "ವರಮಾಲಕ್ಷ್ಮಿ ಹಬ್ಬದೊಳಗೆ ಈ ಕೋಣೆಯಿಂದ ಒಂದಾದ್ರೂ ವ್ಯಾಪಾರ ಆಗ್ಲಿ, ಕೋಣೆ ಕುಚ್ಚಿಗೆ ಕೇಳಾಕಿಲ್ಲ. ಇಲ್ಲಾಂದ್ರೆ ನಿಮ್ಮ ಬಂಡೆಗಳ್ನ ಅಟ್ಟಕ್ಕೆ ಎತ್ತಿ."

ಅಟ್ಟದಲ್ಲಿ ಆಗಲೇ ಹಳೇ ತೊಟ್ಟಿಲು, ಒಡೆದ ಕೂಲರು ಮತ್ತು ಇಲಿಗಳ ದೊಡ್ಡ ಸಂಸಾರ ಇದ್ದವು. ನನ್ನ ಕಲೆ ಅಲ್ಲಿಗೆ ಸೇರುವುದೇ? ಗೊಂಬೆ ಅಂಗಡಿಯ ಗೆಳೆಯ ವಾಸಿಂನ ಹತ್ತಿರ ಓಡಿದೆ. ಹೊಸ ರಸ್ತೆ ಆದಮೇಲೆ ಬೆಂಗಳೂರಿನ ಕಾರುಗಳೆಲ್ಲ ಊರಿನಾಚೆಯೇ ಹಾರಿಹೋಗುವುದರಿಂದ ಅವನು ಈಗ ಗೊಂಬೆಗಳನ್ನು ಆನ್‌ಲೈನಿನಲ್ಲಿ ಮಾರುತ್ತಾನೆ. ನನಗೂ ಒಂದು ಆನ್‌ಲೈನ್ ಅಂಗಡಿ ತೆರೆದುಕೊಟ್ಟು, ಯಾರು ಯಾವ ಊರಿನಿಂದ ಬಂದು ನೋಡಿದರು, ಎಷ್ಟು ಹೊತ್ತು ನೋಡಿದರು, ಏನನ್ನು ಹುಡುಕುತ್ತಾ ಬಂದರು ಎಂಬುದನ್ನೆಲ್ಲ ತೋರಿಸುವ ಗ್ರಾಫನ್ನು ಮೊಬೈಲಿಗೆ ಹಾಕಿಕೊಟ್ಟ. "ದಿನಾ ನೋಡ್ತಾ ಇರು ಬಾಲಣ್ಣ, ಎಲ್ಲಿ ತಪ್ಪೈತೆ ಅಂತ ಅದೇ ಹೇಳ್ತದೆ" ಎಂದ.

ಅಂದಿನಿಂದ ನಾನು ಕುಂಚ ಮುಟ್ಟಲಿಲ್ಲ. ಚಿತ್ರ ಬರೆಯುವವನಿಗೆ ಗ್ರಾಫ್ ನೋಡಲು ಪುರುಸೊತ್ತೆಲ್ಲಿ? ಎದ್ದ ತಕ್ಷಣ ದೇವರ ಪಟ ನೋಡುತ್ತಿದ್ದವನು ಗ್ರಾಫ್ ನೋಡತೊಡಗಿದೆ. ಅದು ಹೇಳಿದ್ದನ್ನೆಲ್ಲ ಮಾಡಿದೆ. ಕಲಾವಿದನ ಫೋಟೋ ಇದ್ದರೆ ನಂಬಿಕೆ ಹೆಚ್ಚುತ್ತದೆ ಎಂದಿದ್ದಕ್ಕೆ ಗಡ್ಡ ಬಿಟ್ಟು, ಶಾಲು ಹೊದ್ದು ಫೋಟೋ ಹಾಕಿದೆ. ಮಾಗಡಿಯಿಂದ ಒಬ್ಬರು ಫೋನ್ ಮಾಡಿ, ಜಾತಕ ನೋಡಲು ಎಷ್ಟು ತಗೊಳ್ಳುತ್ತೀರಿ ಎಂದು ವಿಚಾರಿಸಿದರು. ಬೆಲೆ ಇಳಿಸಿದೆ, ಯಾರೂ ಬರಲಿಲ್ಲ. ಬೆಲೆ ಏರಿಸಿದೆ, ಬಂದವರು ನಗುವ ಗುರುತು ಒತ್ತಿ ಹೋದರು. ಹೆಸರಿನಲ್ಲಿ ಮಣ್ಣಿನ ಸೊಗಡಿರಲಿ ಎಂದು ಒಂದು ಚಿತ್ರಕ್ಕೆ 'ರಾಗಿ ಬಣ್ಣದ ಬಂಡೆ' ಎಂದು ಹೆಸರಿಟ್ಟೆ. ನೋಡುವವರು ಉಕ್ಕಿಬಂದರು! ಅವರೆಲ್ಲ ಏನನ್ನು ಹುಡುಕುತ್ತಾ ಬಂದರೆಂದು ಗ್ರಾಫನ್ನು ಕೇಳಿದರೆ, ಬಹುಪಾಲು ಜನ 'ರಾಗಿಮುದ್ದೆ ಗಂಟಾಗದಂತೆ ಮಾಡುವುದು ಹೇಗೆ' ಎಂದು ಹುಡುಕುತ್ತಾ ದಾರಿ ತಪ್ಪಿ ಬಂದವರು. ಹೇಗೇ ಬರಲಿ, ಬಂದರಲ್ಲ ಎಂದು ಎದೆ ಉಬ್ಬಿಸಿದೆ.

ಊಟಕ್ಕೆ ಕೂತಾಗ ಈ ದಿಗ್ವಿಜಯವನ್ನು ಸಾರಿದೆ. ನಾಲ್ಕು ಸಾವಿರ ಜನ ನನ್ನ ಚಿತ್ರ ನೋಡಿದ್ದಾರೆ! ಅವ್ವ ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಅದರಲ್ಲಿ ತಗೊಂಡವರು ಎಷ್ಟು ಜನ ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಅವಳ ಮುಖ ಕಪ್ಪಿಟ್ಟಿತು.

"ಕಾಸು ಕೊಟ್ಟು ತಗೊಂಡೋರ ಕಣ್ಣು ತಗಲಾಕಿಲ್ಲ ಕಣ್ಲಾ. ಸುಮ್ಕೆ ನೋಡ್ಕಂಡು ಹೋಗೋರ ಕಣ್ಣೇ ತಗಲಾದು. ನಾಕು ಸಾವ್ರ ಜನ ಕಣ್ಣಾಕ್ಬುಟ್ಟವ್ರೆ, ಇನ್ನೆಲ್ಲಿ ವ್ಯಾಪಾರ ಆದಾತು?"

ಬಿಡದಿ, ಬೆಂಗಳೂರಿನ ಯಾವ ಮಾರಾಟ ಪಂಡಿತನೂ ಹೇಳದ ವಿಶ್ಲೇಷಣೆ ಇದು. ಅವ್ವ ಉಪ್ಪು ಮೆಣಸಿನಕಾಯಿ ಹಿಡಿದು ಮೊದಲು ಮೊಬೈಲಿಗೆ, ಆಮೇಲೆ ಕ್ಯಾನ್ವಾಸುಗಳಿಗೆ, ಕೊನೆಗೆ ನನಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಯಾರಿಗೂ ಕೆಮ್ಮು ಬರಲಿಲ್ಲ. ಘಾಟು ಬರಲಿಲ್ಲವೆಂದರೆ ಭಾರಿ ದೃಷ್ಟಿ ಎಂದು ತೀರ್ಪಾಯಿತು. (ಅವು ಬ್ಯಾಡಗಿ ಮೆಣಸಿನಕಾಯಿ, ಅವುಗಳಿಗೆ ಘಾಟೇ ಕಡಿಮೆ. ಹೇಳುವ ಧೈರ್ಯ ಯಾರಿಗಿತ್ತು?) ಇಷ್ಟು ಸಾಲದು, ಕೋಣೆಯಲ್ಲಿ ದೃಷ್ಟಿಬೊಂಬೆಯೂ ಬೇಕು ಎಂದಳು. ನಾನು ಬರೆಯಲೊಲ್ಲೆ ಎಂದೆ. ಬಂಡೆಯ ಮೌನ ಹಿಡಿದ ಕೈ ರಾಕ್ಷಸನ ಮೀಸೆ ತೀಡುವುದೇ? ಲತಾಮಣಿ ಅಂಚು ಕಿತ್ತ ಹಳೇ ಮೊರವೊಂದನ್ನು ತಂದು, ಗೇಟಿಗೆ ಬಳಿದು ಉಳಿದಿದ್ದ ಪೇಂಟಿನಲ್ಲಿ ಒಂದು ಮುಖ ಗೀಚಿ, ನನ್ನ ಕ್ಯಾನ್ವಾಸುಗಳ ಹಿಂದೆ ಗೋಡೆಗೆ ತೂಗುಹಾಕಿದಳು. ಗುಡ್ಡೆ ಕಿತ್ತುಬರುವಂಥ ಕಣ್ಣು, ಸೊಟ್ಟ ಬಾಯಿ, ಕೆದರಿದ ಗಡ್ಡ. ಕಲೆಯ ಗಂಧವಿಲ್ಲದ ಕೆಲಸ ಎಂದು ನಾನು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ.

ಅದೇ ವಾರ, ಚಿತ್ರವನ್ನು ಕೋಣೆಯಲ್ಲಿಟ್ಟು ತೆಗೆದ ಫೋಟೋ ಹಾಕು ಎಂದು ವಾಸಿಂ ಹೇಳಿದ. ಹಾಗೇ ತೆಗೆದು ಹಾಕಿದೆ. ಹಬ್ಬಕ್ಕೆ ಇನ್ನೇನು ಎರಡು ದಿನ ಎನ್ನುವಾಗ ಮೆಸೇಜ್ ಬಂತು. ಕನಕಪುರ ರಸ್ತೆಯ ಅಪಾರ್ಟ್‌ಮೆಂಟೊಂದರ ಪ್ರತಿಮಾ ಎನ್ನುವವರು 'ಕೋಣೆಯ ಫೋಟೋದಲ್ಲಿರುವುದು ಬೇಕು, ನಾಳೆ ಬಂದು ತಗೊಳ್ಳುತ್ತೇನೆ' ಎಂದು ಬರೆದಿದ್ದರು. ಲತಾಮಣಿಯ ಮೂಗಿನ ಕೆಳಗೆ ಮೊಬೈಲ್ ಹಿಡಿದು, ಇನ್ನು ಅಟ್ಟದ ಮಾತೆತ್ತಬೇಡ ಎಂದೆ. ಅವಳು ಮುಂದಿನ ಕುಚ್ಚು ಕಟ್ಟತೊಡಗಿದಳು. ಆ ರಾತ್ರಿ ನನಗೆ ನಿಜವಾಗಿಯೂ ಸಂತೋಷವಾಗಿತ್ತು.

ಮಾರನೇ ದಿನ ಪ್ರತಿಮಾ ಬಂದರು. ಶಾಲು ಹೊದ್ದು ನಿಂತು ಬಂಡೆಯ ಮೌನದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಆಕೆ ತಾಳ್ಮೆಯಿಂದ ಕೇಳಿ, "ಸರ್, ಈ ಮುದ್ದೆ ಚಿತ್ರ ಸ್ವಲ್ಪ ಪಕ್ಕಕ್ಕೆ ಇಡ್ತೀರಾ? ಹಿಂದಿರೋದು ಕಾಣಿಸ್ತಿಲ್ಲ" ಎಂದರು.

ಹಿಂದಿದ್ದದ್ದು ಮೊರ.

ಆಕೆ ಅದನ್ನು ಕೈಗೆತ್ತಿಕೊಂಡು ಬೆರಗಾದರು. ಮಾರುಕಟ್ಟೆಯ ದೃಷ್ಟಿಬೊಂಬೆಗಳೆಲ್ಲ ಬರೀ ನಾಲಿಗೆ ಚಾಚುತ್ತವೆ, ಇದರಲ್ಲಿ ಎಂಥ ಆಸೆ, ಎಂಥ ಹೊಟ್ಟೆಕಿಚ್ಚು, ಎಂಥ ಸಂಕಟ ಇದೆ, ಇದನ್ನು ಕಲ್ಪನೆಯಿಂದ ಬರೆಯಲು ಸಾಧ್ಯವೇ ಇಲ್ಲ ಎಂದರು. ಯಾರನ್ನು ನೋಡಿ ಬರೆದಿರಿ ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಇವರ್ನೇ ನೋಡ್ಕಂಡು ಬರ್ದೆ. ಬೆಳಗೆದ್ದು ಮೊಬೈಲ್ ನೋಡೋವಾಗ ಮಖ ಹಿಂಗೇ ಇರ್ತದೆ."

ಪ್ರತಿಮಾ ಮೊರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಗಡ್ಡ ಮುಟ್ಟಿಕೊಂಡೆ. ತಮ್ಮ ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳಿಗೆ ಇದೇ ಮುಖ ಬೇಕೆಂದು ಆಕೆ ಅಲ್ಲೇ ಮುಂಗಡ ಕೊಟ್ಟು ಹೋದರು.

ಲತಾಮಣಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೋಣೆಯನ್ನು ಕುಚ್ಚಿಗೆ ತಗೊಳ್ಳಲಿಲ್ಲ, ಮೊರಗಳಿಗೆ ತಗೊಂಡಳು. ಬಂಡೆಗಳು ಅಟ್ಟ ಸೇರಿದವು. ನನ್ನನ್ನು ಮಾತ್ರ ಕೋಣೆಯಿಂದ ಕದಲಿಸಿಲ್ಲ. ಕಿಟಕಿಯ ಬಳಿ ಸ್ಟೂಲಿನ ಮೇಲೆ, ಕೈಯಲ್ಲಿ ಗ್ರಾಫ್ ಹಿಡಿದು ದಿನವಿಡೀ ಕೂರುತ್ತೇನೆ. ಅವಳು ನೋಡಿಕೊಂಡು ಬರೆಯುತ್ತಾಳೆ.

ನಿನ್ನೆ ಯಾರೋ ಪುಣ್ಯಾತ್ಮರು ನನ್ನ ಹಳೇ ಬಂಡೆಯೊಂದಕ್ಕೆ ಹೃದಯದ ಗುರುತು ಒತ್ತಿದ್ದರು. ನನಗರಿವಿಲ್ಲದೆಯೇ ಮುಖ ಅರಳಿತು. ಲತಾಮಣಿ ಕುಂಚ ಕೆಳಗಿಟ್ಟಳು.

"ನಗಬ್ಯಾಡ್ರೀ, ಬೊಂಬೆ ಕೆಡ್ತದೆ. ಅವ್ರೂ ಸುಮ್ಕೆ ನೋಡ್ಕಂಡು ಹೋಗಿರೋದು, ಅದ್ನ ಒಸಿ ಗ್ಯಾಪಿಸ್ಕಳಿ."