ಅಜ್ಜನೂ ನಾನೂ ಒಂದೇ ರೋಗಿ

ಸುಳ್ಯದ ಒಂದು ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳ ವಿವರ ಕಂಪ್ಯೂಟರಿಗೆ ತುಂಬಿಸುವುದು ನನ್ನ ಕೆಲಸ. ಪರವಾನಗಿ ನವೀಕರಣಕ್ಕೆ ಬಂದ ಇಲಾಖೆಯವರು, ಒಬ್ಬನೇ ರೋಗಿ ಎರಡು ಕಡೆ ದಾಖಲಾಗಿದ್ದರೆ ಜೀವಕ್ಕೆ ಅಪಾಯ, ಅಂಥವನ್ನು ಒಂದು ಮಾಡಿ ಎಂದರು. ಜೀವ ಉಳಿಸುವ ಅವಕಾಶ ನನ್ನಂಥವನಿಗೆ ದಿನಾ ಸಿಗುವುದಿಲ್ಲ. ಹೆಸರು, ತಂದೆಯ ಹೆಸರು, ಊರು ಮೂರೂ ಹೊಂದಿದರೆ ಒಬ್ಬನೇ ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ವಯಸ್ಸನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮ ಕಡೆಯವರು ಅದನ್ನು ಅಂದಾಜಿಗೆ ಹೇಳುವುದು. ಇಲಾಖೆಯವರು ಭೇಷ್ ಎಂದರು.

ಸ್ವಲ್ಪ ದಿನದಲ್ಲೇ ನನ್ನ ಕಾಲು ಬಾತುಕೊಂಡಿತು. ಹೆಂಡತಿ ಜಾನಕಿಯ ಜೊತೆ ಅಲ್ಲಿಗೇ ಹೋದೆ. ಡಾಕ್ಟರು ಪೆನಿಸಿಲಿನ್ ಬರೆದರು. ನರ್ಸ್ ಪುಷ್ಪಾ ಪರದೆ ನೋಡಿ ಸೂಜಿ ಕೆಳಗಿಟ್ಟಳು.

"ಕುಶಾಲಣ್ಣ, ನಿಮಗೆ ಇದು ಆಗುದಿಲ್ಲ ಅಂತ ಉಂಟಲ್ಲ. ಒಮ್ಮೆ ಕೊಟ್ಟು ಉಸಿರೇ ನಿಂತಿತ್ತಂತೆ."

"ಅದು ನನ್ನ ಅಜ್ಜನಿಗೆ."

ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು. ಬೆಳ್ಯಪ್ಪನ ಮಗ ಕುಶಾಲಪ್ಪ, ಅಜ್ಜ. ಅವರ ಮಗ ಬೆಳ್ಯಪ್ಪ, ಅಪ್ಪ. ಅವರ ಮಗ ಕುಶಾಲಪ್ಪ, ನಾನು. ಕಂಪ್ಯೂಟರಿಗೆ ಇಬ್ಬರೂ ಕುಶಾಲಪ್ಪ ಬಿನ್ ಬೆಳ್ಯಪ್ಪ, ಊರು ಮಂಡೆಕೋಲು. ತೀರಿಹೋದ ಅಜ್ಜನನ್ನು ನನ್ನೊಳಗೆ ಸೇರಿಸಿದ ಮಹಾನುಭಾವ ನಾನೇ!

"ಖಂಡಿತ ಅಜ್ಜನಿಗಾ?" ಡಾಕ್ಟರು ಕೇಳಿದರು.

ಖಂಡಿತ ಎನ್ನಲು ಬಾಯಿ ತೆರೆದೆ. ಅಜ್ಜ ಬಿದ್ದ ಆ ದಿನ ಕಣ್ಣೆದುರು ಬಂತು. ನಾನಾಗ ಸಣ್ಣವ. ಮಂಚ, ಸುತ್ತ ಬಾಗಿದ ಮುಖಗಳು, ಗಾಳಿಗೆಂದು ಯಾರೋ ಬೀಸುತ್ತಿದ್ದ ಅಡಿಕೆ ಹಾಳೆ. ನಾನು ಮಂಚದ ಪಕ್ಕ ನಿಂತಿದ್ದೆ. ಹಾಗಿದ್ದರೆ ಆ ಮುಖಗಳು ನನಗೆ ಕೆಳಗಿನಿಂದ ಏಕೆ ಕಾಣುತ್ತಿವೆ?

ಅಪ್ಪನಿಗೆ ಫೋನು ಮಾಡಿದೆ.

"ಮದ್ದು ಆಗದೆ ಬಿದ್ದದ್ದು ಕುಶಾಲಪ್ಪ" ಎಂದರು.

"ಯಾವ ಕುಶಾಲಪ್ಪ?"

"ಎಂತ ಮಾರಾಯ, ನೀನು ಕೇಳಿದ ಮೇಲೆ ನನಗೂ ಸಂಶಯ."

ಜಾನಕಿಗೆ ಸಾಕಾಯಿತು. "ಬೇರೆ ಮದ್ದು ಕೊಡಿ ಡಾಕ್ಟ್ರೆ. ಇವರು ಯಾರು ಅಂತ ಮನೆಗೆ ಹೋಗಿ ತೀರ್ಮಾನ ಮಾಡುವ."

ಬೇರೆ ಮದ್ದಿಗೆ ಬಾವು ಇಳಿಯಿತು. ಕೆಲಸಕ್ಕೆ ಮರಳಿ, ಸೇರಿಸಿದ ನಮ್ಮಿಬ್ಬರನ್ನು ಬಿಡಿಸಲು ಕೂತೆ. ಕಂಪ್ಯೂಟರು ಒಂದೊಂದೇ ಕಾಯಿಲೆ ತೋರಿಸಿ, ಇದು ಯಾರದ್ದು ಎಂದು ಕೇಳತೊಡಗಿತು. ಕೆಲವಕ್ಕೆ ಉತ್ತರ ಹೊಳೆಯಲಿಲ್ಲ. ಅರ್ಧಕ್ಕೇ ಎದ್ದು ಬಂದೆ.

ಈಗ ಆಸ್ಪತ್ರೆಯಲ್ಲಿ ಯಾರಾದರೂ "ಕುಶಾಲಪ್ಪ" ಎಂದು ಕರೆದರೆ ಕೂಡಲೇ ಏಳುವುದಿಲ್ಲ. ಬೇರೆ ಯಾರಾದರೂ ಏಳುತ್ತಾರೋ ನೋಡಿಕೊಂಡು, ಆಮೇಲೆ ಏಳುತ್ತೇನೆ.