ಧರೆಪ್ಪನ ದೊಡ್ಡ ಮೊರ

ಅಂಗಡಿಯಲ್ಲಿ ಎರಡು ಮೊರಗಳಿದ್ದವು. ಧರೆಪ್ಪ ದೊಡ್ಡದರ ಮೇಲೆ ಕೈ ಇಟ್ಟ. ಆಗಬಾರದ್ದೆಲ್ಲ ಆದದ್ದು ಅಲ್ಲಿಂದಲೇ.

ಮೊರ ಅಂದರೆ ಜೋಳ ಕೇರುವ ಮೊರವಲ್ಲ, ಟ್ರ್ಯಾಕ್ಟರಿನ ಬೆನ್ನಿಗೆ ಸಿಗಿಸುವ ಕಬ್ಬಿಣದ್ದು. ಇಳಿಸಿ ಎಳೆದರೆ ಮಣ್ಣು ಬಾಚಿ ಹೊಟ್ಟೆ ತುಂಬಿಕೊಳ್ಳುತ್ತದೆ, ಎತ್ತಿಕೊಂಡು ಹೋಗಿ ಹಗ್ಗ ಜಗ್ಗಿದರೆ ಕಕ್ಕುತ್ತದೆ. ಮಹಾಲಿಂಗಪುರದ ಅಂಗಡಿಯ ವಾಸುದೇವರಾಯರು ಅಲ್ಲೇ ಎಚ್ಚರಿಸಿದ್ದರು.

“ನಿಮ್ಮ ಗಾಡಿ ಸಣ್ಣದದ. ಸಣ್ಣ ಮೊರಾನ ಒಯ್ರಿ. ದೊಡ್ಡದು ತುಂಬಿತಂದ್ರ ಮುಂದಿನ ಗಾಲಿ ಮ್ಯಾಲ ಏಳ್ತಾವ.”

“ನಮ್ಮ ಮನಿತನದಾಗ ಸಣ್ಣದು ಅನ್ನೂದ ಇಲ್ರಿ,” ಅಂದ ಧರೆಪ್ಪ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿದ್ದರೂ ರನ್ನ ಬೆಳಗಲಿಯ ಹೊಲಗಳಲ್ಲಿ ಎತ್ತಿನದೇ ರಾಜ್ಯ. ಅಂಥಲ್ಲಿ ಟ್ರ್ಯಾಕ್ಟರ್ ತಂದವನು ಧರೆಪ್ಪ ಒಬ್ಬನೇ. ಕುರಿ ಕಾಯ್ದವರ ಮಗ ಗಾಲಿ ಮೇಲೆ ಕೂತದ್ದು ಮಂದಿಯ ಕಣ್ಣಿಗೆ ಮುಳ್ಳಾಗಿತ್ತು. ಬಾಜೂ ಹೊಲದ ಅಪ್ಪಾಸಾಬನಿಗಂತೂ ಒನಕೆಯಾಗಿತ್ತು.

“ತಮ್ಮಾ, ನಾಳೆ ಸಂಜೀ ಒಳಗ ನಿನ್ನ ಹೊಲದಾಗಿನ ದಿಬ್ಬಾ ನೆಲಸಮಾ ಮಾಡಿದ್ರ ನನ್ನ ರುಮಾಲು ನಿನ್ನ ತಲಿಗಿ,” ಅಂದಿದ್ದ ಅಪ್ಪಾಸಾಬ. “ಆಗಲಿಲ್ಲಂದ್ರ ಆ ಗಾಡಿ ಕೊಳ್ಳಿಗಿ ಗಂಟಿ ಕಟ್ಟಿ, ಹಗ್ಗಾ ಹಿಡದು ಊರಾಗ ನಡಸ್ಕೊಂತ ಹೋಗಬೇಕ ನೀ.”

“ಬೀರದೇವರ ಆಣಿ, ಆತು ಕಾಕಾ.”

ದಿಬ್ಬದ ಮಣ್ಣು ಬೆಣ್ಣೆಯಂಥ ಎರಿ ಮಣ್ಣು. ಅದರ ಕೆಳಗೇ ನೀರು ನಿಲ್ಲುವ ದೊಡ್ಡ ತಗ್ಗು. ದಿಬ್ಬದ ಕಡೆಯ ಅರ್ಧ ಧರೆಪ್ಪನದು, ಗಾಡಿದಾರಿಯ ಕಡೆಯ ಅರ್ಧ ಅಪ್ಪಾಸಾಬನದು, ನಟ್ಟ ನಡುವೆ ಗಡಿ ತೋರಿಸುವ ಒಂದು ಬಾಂದಗಲ್ಲು. ದಿಬ್ಬ ಕಡಿದು ತನ್ನ ಅರ್ಧ ತಗ್ಗು ತುಂಬಿಸಿಕೊಂಡರೆ ಹೊಲವೂ ಸಮ, ತಲೆಗೆ ರುಮಾಲೂ ಬಂತು ಎಂಬುದು ಧರೆಪ್ಪನ ಲೆಕ್ಕ.

ಮರುದಿನ ಮುಂಜಾನೆ ತಗ್ಗಿನಾಚೆ ಗಾಡಿದಾರಿಯ ಬದಿಗೇ ಟ್ರ್ಯಾಕ್ಟರ್ ನಿಲ್ಲಿಸಿ ಮೊರದ ಪೂಜೆಗೆ ಹೂಡಿದರು. ಹೊಲದ ಪೂಜೆ ಅಂದರೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರನ್ನು ಕೂಡಿಸಲೇಬೇಕು. ಎರಿ ಹೊಲದಲ್ಲಿ ಹಲ್ಲಿಗೆ ಚುಚ್ಚಲೂ ಕಲ್ಲು ಸಿಗುವುದಿಲ್ಲ. ಹೆಂಡತಿ ಯಲ್ಲಕ್ಕ ಅಲೆದಾಡಿ ನಾಲ್ಕು ಸಣ್ಣವು ಆರಿಸಿದಳು.

“ಐದನೇದು ನಾ ತರ್ತೇನಿ, ತಡಿ ತಂಗಿ,” ಅಂತ ಪರಸಪ್ಪ ಎದ್ದ. ಊರಿನ ಯಾವ ಕೆಲಸಕ್ಕೂ ಕರೆಯದೆ ಬರುವವನು ಅವನು. ಎಲ್ಲಿಂದಲೋ ಒಂದು ಉದ್ದನೆಯ ಕಲ್ಲು ಹೊತ್ತು ತಂದು ನೆಟ್ಟ. ಧರೆಪ್ಪನಿಗೆ ಅದನ್ನು ನೋಡುವ ಪುರಸೊತ್ತೆಲ್ಲಿ? ಮೊರದ ಅಂಚಿನಲ್ಲಿ ತನ್ನ ಮೀಸೆಯ ನೆರಳು ನೋಡಿಕೊಳ್ಳುತ್ತಿದ್ದ.

ಪೂಜೆ ಮುಗಿದು ಮೊದಲ ಮೊರ ತುಂಬಿ ಎತ್ತಿದ್ದೇ ತಡ, ಟ್ರ್ಯಾಕ್ಟರ್ ಮದುವೆ ಮೆರವಣಿಗೆಯ ಕುದುರೆಯಂತೆ ಮುಂಗಾಲೆತ್ತಿ ನಿಂತಿತು. ಧರೆಪ್ಪನಿಗೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ.

“ಮೂಗಿನ ಮ್ಯಾಲ ವಜ್ಜಿ ಬೇಕಲೇ,” ಅಂತ ಪರಸಪ್ಪ ಕೂಗಿದ.

ಊರಿನಲ್ಲಿ ವಜ್ಜಿ, ಭಾರ ಅಂದರೆ ಅಪ್ಪಾಸಾಬನೇ. ಎರಡು ಬೆಲ್ಲದ ಪೆಂಟಿ ಒಂದರ ಮೇಲೊಂದು ಇಟ್ಟಂಥ ಆಳು.

“ಬಾಜಿ ಬ್ಯಾರೆ, ನೆರಿಹೊರಿ ಬ್ಯಾರೆ,” ಅನ್ನುತ್ತ, ಪಂದ್ಯ ನೋಡಲು ಬಂದು ನಿಂತಿದ್ದ ಅವನು ಕಂಬಳಿ ಮಡಚಿ ಹಾಸಿ ಬಾನೆಟ್ಟಿನ ಮೇಲೆ ಕೂತ. ಗಾಲಿ ನೆಲ ಕಚ್ಚಿದವು. ಸೋಲುವವನನ್ನೇ ಮೂಗಿನ ಮೇಲೆ ಕೂಡಿಸಿಕೊಂಡು ಗೆಲ್ಲುವ ಭಾಗ್ಯ ಯಾರಿಗುಂಟು? ಧರೆಪ್ಪನ ಎದೆ ಮೊರಕ್ಕಿಂತ ಅಗಲವಾಯಿತು.

ಒಂದೇ ತೊಂದರೆ. ಆ ಬೆನ್ನಿನಾಚೆ ಬೆಳ್ಳಗೆ ಹೊಳೆಯುವ ಕಲ್ಲಿನ ತುದಿಯ ಹೊರತು ಏನೂ ಕಾಣುತ್ತಿರಲಿಲ್ಲ. ಬಾಂದಗಲ್ಲಿಗೂ ಸುಣ್ಣ ಬಳಿದಾರ, ಛಲೋ ಆತು ಅಂದುಕೊಂಡ. ಬಾಂದಿನಿಂದಲೇ ತುಂಬಿಕೊಂಡು ಬರಬೇಕೆಂದು ಕಲ್ಲಿಗೆ ಒತ್ತಿ ಮಣ್ಣು ಸುರಿಯಹತ್ತಿದ.

ಮಧ್ಯಾಹ್ನ ಇಳಿದರೂ ಇತ್ತ ಕಡೆಯ ನೀರು ಕದಲಲಿಲ್ಲ.

“ಕಾಕಾ, ತಗ್ಗ ಯಾಕೋ ತುಂಬವಲ್ಲದು.”

“ತಗ್ಗಿನ ಹೊಟ್ಟಿ ದೊಡ್ಡದಪಾ,” ಅಂದ ಅಪ್ಪಾಸಾಬ ಬೆನ್ನು ತಿರುಗಿಸದೆ. “ನಿಂದು ದೊಡ್ಡ ಮೊರ. ಹೆದರತಿ ಯಾಕ?”

ಹೊತ್ತು ಮುಳುಗುವಾಗ ದಿಬ್ಬ ಇದ್ದ ಜಾಗ ಅಂಗೈಯಂತಾಗಿತ್ತು. ಅಪ್ಪಾಸಾಬ ಇಳಿದು, ಸುಟ್ಟ ಕುಂಡೆ ಸವರಿಕೊಳ್ಳುತ್ತ, ಮಂದಿಯೆದುರು ತನ್ನ ಹಳದಿ ರುಮಾಲು ಬಿಚ್ಚಿ ಧರೆಪ್ಪನ ತಲೆಗೆ ತಾನೇ ಸುತ್ತಿದ. ಇಷ್ಟು ನಗುನಗುತ್ತ ಸೋತವನನ್ನು ಊರು ಕಂಡಿರಲಿಲ್ಲ.

ಬುತ್ತಿ ತಂದ ಯಲ್ಲಕ್ಕ ರುಮಾಲು ನೋಡಿದಳು, ತಗ್ಗು ನೋಡಿದಳು.

“ನಮ್ಮ ಕಡಿ ನೀರ ಹಂಗ ಐತೆಲ್ಲರಿ?”

“ಬಾಂದಗಲ್ಲ ನೋಡ ಅಲ್ಲೆ. ಅದಕ್ಕ ಹತ್ತಿಸಿಕೊಂಡ ತುಂಬೇನಿ.”

“ಅದೇನ ಈಗ ಬಾಂದಗಲ್ಲರಿ? ಅದು ಭೀಮಸೇನ. ಮುಂಜಾನೆ ಪರಸಪ್ಪಣ್ಣ ಬಾಂದಿನಿಂದ ಕಿತ್ತು ತಂದು ದಾರಿ ಬಾಜೂಕ ನೆಟ್ಟಾನ, ನಾನ ಸುಣ್ಣಾ ಬಳದೇನಿ. ಉಳದ ನಾಕು ಮಂದಿನ್ನ ಎಲ್ಲಿ ಹುಗದ್ರಿ?”

ಪರಸಪ್ಪನನ್ನು ಹುಡುಕಿದರೆ ಅವನು ಆಗಲೇ ಊರ ದಾರಿ ಹಿಡಿದಿದ್ದ. ಧರೆಪ್ಪ ಅಪ್ಪಾಸಾಬನತ್ತ ತಿರುಗಿದ. ದಿಬ್ಬದ ಬೆಣ್ಣೆಯೆಲ್ಲ ಅವನ ಹೊಲದಲ್ಲಿ ಹಸನಾಗಿ ಹರಡಿ ಬಿದ್ದಿತ್ತು.

“ಕಲ್ಲ ಕಿತ್ತಾಂವ ನಾ ಅಲ್ಲ, ಮಣ್ಣ ಸುರದಾಂವ ನಾ ಅಲ್ಲ,” ಅಂದ ಅಪ್ಪಾಸಾಬ. “ನಾ ಬರೇ ಕುಂತಾಂವ.”

“ನಾಳೆ ಪೂರಾ ಮಣ್ಣ ವಾಪಸ್ ಒಯ್ತೇನಿ ಕಾಕಾ.”

“ಒಯ್ಯಪಾ, ಯಾರ ಬ್ಯಾಡಂದ್ರು?” ಅಪ್ಪಾಸಾಬ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. “ಆದ್ರ ಮೂಗಿನ ಮ್ಯಾಲ ಕುಂಡ್ರಾಕ ಬ್ಯಾರೆ ಯಾರನ್ನರ ನೋಡಕೋ. ನಾಳೆ ನಂಗ ಬಿತ್ತಿಗಿ ಐತಿ.”